ಹಸಿ ಅಂಗಾಂಶವನ್ನು ಪ್ಲಾಸ್ಟಿಕ್‌ಗೆ ಅಂಟಿಸುವುದು: ಲ್ಯಾಬ್‌ನಲ್ಲಿ ಯಾವ ಅಂಟು, ಯಾವಾಗ, ಹೇಗೆ

ಅಂಟು ಬಿಟ್ಟುಬಂದಾಗ ಹೆಚ್ಚಿನವರು ಮೊದಲು ಮಾಡುವುದು ಇನ್ನೂ ಗಟ್ಟಿ ಅಂಟನ್ನು ಹುಡುಕುವುದು. ಅದಕ್ಕೂ ಮೊದಲು ಬಿಟ್ಟುಬಂದ ಜಾಗವನ್ನು ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ಅಂಟಿನ ಪದರ ಅಂಗಾಂಶಕ್ಕೆ ಕಚ್ಚಿಕೊಂಡಿದ್ದು, ಪ್ಲಾಸ್ಟಿಕ್ ನುಣ್ಣಗೆ ಬರಿದಾಗಿದ್ದರೆ ಸೋತದ್ದು ಪ್ಲಾಸ್ಟಿಕ್ ಕಡೆ. ಅಂಟು ಪ್ಲಾಸ್ಟಿಕ್ ಮೇಲೆಯೇ ಬಿಳಿ ಹಾಳೆಯಂತೆ ಉಳಿದು ಅಂಗಾಂಶ ಜಾರಿಹೋಗಿದ್ದರೆ ನೀರು ಕೈಕೊಟ್ಟಿದೆ. ಅಂಟಿನ ಮೇಲೆ ತೆಳ್ಳನೆಯ ಅಂಗಾಂಶದ ಪೊರೆಯೂ ಉಳಿದಿದ್ದರೆ ಹರಿದದ್ದು ಅಂಗಾಂಶವೇ. ಇನ್ನೂ ಎಷ್ಟೇ ಗಟ್ಟಿ ಅಂಟು ತಂದರೂ ಅದು ಸರಿಹೋಗುವುದಿಲ್ಲ. ಈ ಮೂರಕ್ಕೂ ಮದ್ದು ಬೇರೆಬೇರೆ. ಹಾಗಾಗಿ ಅಂಟಿನ ಆಯ್ಕೆ ಶುರುವಾಗುವುದು ಎರಡು ಮೇಲ್ಮೈಗಳಿಂದ, ಬಾಟಲಿಯಿಂದಲ್ಲ.

ಶುರುವಿಗೇ ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿಗಳಿವು: ಅಂಗಾಂಶ ಜೀವಂತವಾಗಿರಬೇಕೇ, ಇಲ್ಲ ಫಿಕ್ಸ್ ಮಾಡಿದ್ದೇ (ಕೊಳೆಯದಂತೆ ರಾಸಾಯನಿಕದಿಂದ ಸ್ಥಿರಗೊಳಿಸಿದ್ದೇ)? ಅಂಟು ಹಿಡಿದಿರಬೇಕಾದದ್ದು ಅರ್ಧ ಗಂಟೆಯೋ, ಎರಡು ವಾರವೋ? ಎಳೆತ ಯಾವ ದಿಕ್ಕಿಗೆ ಬೀಳುತ್ತದೆ? ಆಮೇಲೆ ಫ್ಲೋರೆಸೆನ್ಸ್ ಚಿತ್ರ ತೆಗೆಯುವುದಿದೆಯೇ? ಕೊನೆಯದನ್ನು ಮರೆಯುವವರೇ ಹೆಚ್ಚು. ಗ್ಲುಟರಾಲ್ಡಿಹೈಡ್ ಇರುವ ಯಾವ ಅಂಟೂ ತಾನಾಗಿಯೇ ಹೊಳೆಯುತ್ತದೆ, ನಿಮ್ಮ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತದೆ.

ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಿರಿ

ತಳದಲ್ಲಿ ತ್ರಿಕೋನದ ಒಳಗೆ 2 ಅಥವಾ 4 ಇದ್ದರೆ ಪಾಲಿಎಥಿಲೀನ್, 5 ಇದ್ದರೆ ಪಾಲಿಪ್ರೊಪಿಲೀನ್, 6 ಇದ್ದರೆ ಪಾಲಿಸ್ಟೈರೀನ್. 7 ಎಂದರೆ ಉಳಿದ ಎಲ್ಲವೂ; ಪಾಲಿಕಾರ್ಬೊನೇಟ್ ಸಿಗುವುದು ಅಲ್ಲೇ. ಗುರುತೇ ಇಲ್ಲದಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ಗುಳ್ಳೆ ಅಂಟದಂತೆ ಒಂದು ಹನಿ ಸೋಪು ಬೆರೆಸಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ತೇಲುತ್ತವೆ. ಪಾಲಿಸ್ಟೈರೀನ್, ಆಕ್ರಿಲಿಕ್, ಪಾಲಿಕಾರ್ಬೊನೇಟ್, ಪೆಟ್ ಎಲ್ಲವೂ ಮುಳುಗುತ್ತವೆ.

ಈ ತೇಲುವ ಎರಡು, ಜೊತೆಗೆ ಟೆಫ್ಲಾನ್ ಮತ್ತು ಸಿಲಿಕೋನ್ ರಬ್ಬರ್, ಅಂಟಿಗೆ ಮುಖ ಕೊಡದ ಜಾತಿ. ಇವುಗಳ ಮೇಲ್ಮೈ ಶಕ್ತಿ ತೀರಾ ಕಡಿಮೆ: ಟೆಫ್ಲಾನ್‌ನದು ಮೀಟರಿಗೆ 20 ಮಿಲಿನ್ಯೂಟನ್ ಆಸುಪಾಸು, ಪಾಲಿಪ್ರೊಪಿಲೀನ್‌ನದು 30ರ ಹತ್ತಿರ. ಆಕ್ರಿಲಿಕ್, ಪಾಲಿಕಾರ್ಬೊನೇಟ್ 40ರ ಸುತ್ತ ಇರುತ್ತವೆ. ಅಂಟು ಚೆನ್ನಾಗಿ ಹರಡಬೇಕಾದರೆ ಪ್ಲಾಸ್ಟಿಕ್‌ನ ಅಂಕಿ ಅಂಟಿನ ಅಂಕಿಗಿಂತ ಮೇಲಿರಬೇಕು. ಪರೀಕ್ಷೆಗೆ ಒಂದು ಹನಿ ನೀರು ಸಾಕು: ಮಣಿಯಂತೆ ಉರುಳಿ ನಿಂತರೆ ಆ ಪ್ಲಾಸ್ಟಿಕ್‌ಗೆ ತಯಾರಿ ಬೇಕು, ಚಪ್ಪಟೆಯಾಗಿ ಹರಡಿದರೆ ಅರ್ಧ ಕೆಲಸ ಆದಂತೆ. ಟಿಶ್ಯೂ ಕಲ್ಚರ್ ಡಿಶ್‌ಗಳನ್ನು ಕಾರ್ಖಾನೆಯಲ್ಲೇ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಅಥವಾ ಕರೋನಾ (ವಿದ್ಯುತ್ ವಿಸರ್ಜನೆ) ಹಾಯಿಸಿ ಕಳಿಸಿರುತ್ತಾರೆ, ಬ್ಯಾಕ್ಟೀರಿಯಾ ಬೆಳೆಸುವ ಅಗ್ಗದ ಪೆಟ್ರಿ ಡಿಶ್‌ಗಳನ್ನಲ್ಲ. ಎರಡೂ ಪಾಲಿಸ್ಟೈರೀನೇ, ನೋಡಲೂ ಒಂದೇ; ಅಂಟಿನ ಮಟ್ಟಿಗೆ ಮಾತ್ರ ಬೇರೆಬೇರೆ.

ಸಾಮಾನ್ಯ ಪ್ಲಾಸ್ಟಿಕ್‌ಗೆ ತಯಾರಿ ಇಷ್ಟೇ: 220ರಿಂದ 320 ನಂಬರಿನ ಮರಳು ಕಾಗದದಲ್ಲಿ ಅಡ್ಡಲಾಗಿಯೂ ಉದ್ದಕ್ಕೂ ಉಜ್ಜಿ, ಪುಡಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಅಸಿಟೋನ್ ಮುಟ್ಟಬೇಡಿ. ಪಾಲಿಸ್ಟೈರೀನ್, ಪಾಲಿಕಾರ್ಬೊನೇಟ್, ಆಕ್ರಿಲಿಕ್ ಮೂರನ್ನೂ ಅದು ಕರಗಿಸುತ್ತದೆ ಅಥವಾ ಮಂಜಾಗಿಸುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಆಕ್ರಿಲಿಕ್ ಅಂಚಿಗೆ ಆಲ್ಕೊಹಾಲ್ ಸೋಕಿದರೂ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಏಕೆಂದರೆ ಕತ್ತರಿಸುವಾಗಿನ ಬಿಸಿಯಿಂದ ಅಲ್ಲಿ ಒತ್ತಡ ಉಳಿದಿರುತ್ತದೆ. ಅಂಥ ತುಂಡನ್ನು ಸೋಪು ನೀರಿನಲ್ಲಿ ತೊಳೆಯಿರಿ. ಇಲ್ಲವಾದರೆ 80 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ ಇಟ್ಟು, ಬಾಗಿಲು ತೆಗೆಯದೆ ನಿಧಾನವಾಗಿ ಆರಲು ಬಿಡಿ.

ಹಠಮಾರಿ ಪ್ಲಾಸ್ಟಿಕ್‌ಗಳಿಗೆ ಮೂರು ದಾರಿ. ಆಕ್ಸಿಜನ್ ಪ್ಲಾಸ್ಮಾ ಯಂತ್ರ ಇದ್ದರೆ 30ರಿಂದ 60 ಸೆಕೆಂಡ್ ಸಾಕು. ಆದರೆ ಸಿಲಿಕೋನ್‌ನಲ್ಲಿ ಅದರ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ, ಬೆಳಿಗ್ಗೆ ಪ್ಲಾಸ್ಮಾ ಮಾಡಿ ಸಂಜೆ ಅಂಟಿಸಿದರೆ ಮಾಡದ ಹಾಗೆಯೇ. ಪಾಲಿಪ್ರೊಪಿಲೀನ್‌ಗೆ ಸೈಯನೋಆಕ್ರಿಲೇಟ್ (ಫೆವಿಕ್ವಿಕ್ ಜಾತಿಯ ಅಂಟು) ಬಳಸುವುದಾದರೆ ಲಾಕ್‌ಟೈಟ್ ಎಸ್‌ಎಫ್ 770ರಂಥ ಪ್ರೈಮರ್ ಸವರಿ, ದ್ರಾವಕ ಆರಿದ ಮೇಲೆ ಅಂಟಿಸಿ. ಮೂರನೆಯದು ಪಾಲಿಡೋಪಮೈನ್ ಲೇಪ: ಪಿಎಚ್ 8.5ರ 10 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ (ಬಫರ್ ಎಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಮಿ.ಲೀ.ಗೆ 2 ಮಿ.ಗ್ರಾಂ ಡೋಪಮೈನ್ ಹೈಡ್ರೊಕ್ಲೋರೈಡ್ ಕರಗಿಸಿ, ಗಾಳಿ ತಾಗುವಂತೆ ತೆರೆದಿಟ್ಟು ಕಲಕುತ್ತಾ ಪ್ಲಾಸ್ಟಿಕ್ ಮುಳುಗಿಸಿಡಿ. 2007ರಲ್ಲಿ ಮೆಸರ್‌ಸ್ಮಿತ್ ಅವರ ತಂಡ ಪ್ರಕಟಿಸಿದ ಈ ವಿಧಾನದಲ್ಲಿ 24 ಗಂಟೆಗೆ ಸುಮಾರು 50 ನ್ಯಾನೋಮೀಟರ್ ದಪ್ಪದ ಕಂದು ಪೊರೆ ಕೂರುತ್ತದೆ, ಟೆಫ್ಲಾನ್ ಮೇಲೂ. ದ್ರಾವಣ ಕಂದಾಗದೆ ತಿಳಿಯಾಗಿಯೇ ಉಳಿದರೆ ಪಿಎಚ್ ಇಳಿದಿದೆ ಅಥವಾ ಗಾಳಿ ಸಾಲುತ್ತಿಲ್ಲ.

ಸೈಯನೋಆಕ್ರಿಲೇಟ್: ಹತ್ತರಲ್ಲಿ ಏಳು ಕೆಲಸಕ್ಕೆ ಇದೇ

ಅಂಗಡಿಯ ಫೆವಿಕ್ವಿಕ್ ಈಥೈಲ್ ಸೈಯನೋಆಕ್ರಿಲೇಟ್. ಪಶುವೈದ್ಯರು ಬಳಸುವ ವೆಟ್‌ಬಾಂಡ್, ಶಸ್ತ್ರಚಿಕಿತ್ಸೆಯ ಹಿಸ್ಟೊಆಕ್ರಿಲ್ ಎರಡೂ ಬ್ಯೂಟೈಲ್. ಅಮೆರಿಕದಲ್ಲಿ 1998ರಲ್ಲಿ ಚರ್ಮದ ಗಾಯಕ್ಕೆ ಒಪ್ಪಿಗೆ ಪಡೆದ ಡರ್ಮಾಬಾಂಡ್ ಆಕ್ಟೈಲ್. ವ್ಯತ್ಯಾಸ ಇರುವುದು ಅಣುವಿಗೆ ಅಂಟಿದ ಬಾಲದ ಉದ್ದದಲ್ಲಿ. ಬಾಲ ಗಿಡ್ಡವಾದಷ್ಟೂ ಬೇಗ ಗಟ್ಟಿಯಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಪೆಡಸಾಗಿ ನಿಲ್ಲುತ್ತದೆ. ನೀರಿನಲ್ಲಿ ಬೇಗ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತದೆ. ಬಾಲ ಉದ್ದವಾದರೆ ನಿಧಾನ, ಮೃದು, ವಿಷವೂ ಕಡಿಮೆ. ಹಾಗಾಗಿ ಫಿಕ್ಸ್ ಮಾಡಿದ ಅಂಗಾಂಶಕ್ಕೆ, ಅಂಟಿದ ಭಾಗವನ್ನು ಕೊನೆಗೆ ಬಿಸಾಡುವ ಕೆಲಸಕ್ಕೆ ಈಥೈಲ್ ಧಾರಾಳ ಸಾಕು. ಅಂಟಿದ ಜಾಗದ ಪಕ್ಕದ ಕೋಶಗಳೇ ಬೇಕಾದರೆ, ಅಥವಾ ಅಂಗಾಂಶ ಬಾಗುತ್ತಾ ಹಿಗ್ಗುತ್ತಾ ಇರುವುದಾದರೆ ಬ್ಯೂಟೈಲ್ ಇಲ್ಲವೇ ಆಕ್ಟೈಲ್‌ಗೆ ಹೋಗಿ.

ಈ ಅಂಟು ಗಟ್ಟಿಯಾಗುವುದು ದ್ರಾವಕ ಆರಿ ಅಲ್ಲ. ಮೇಲ್ಮೈಯಲ್ಲಿರುವ ನೀರಿನ ಸೂಕ್ಷ್ಮ ಪದರದಿಂದ. ನೀರು ಬೇಕು, ಆದರೆ ಕಣ್ಣಿಗೆ ಕಾಣುವಷ್ಟು ನೀರು ಬೇಡ. ಅಂಗಾಂಶದ ಮೇಲೆ ಬಫರ್ ಹನಿ ನಿಂತಿದ್ದರೆ ಅಂಟು ಅಂಗಾಂಶ ಮುಟ್ಟುವ ಮೊದಲೇ ಆ ಹನಿಯ ಮೇಲೆ ಬಿಳಿ ಹಪ್ಪಳವಾಗುತ್ತದೆ. ‘ಅಂಟು ಹಳೆಯದಾಗಿದೆ’ ಎಂದು ಬಾಟಲಿ ಬಿಸಾಡುವ ಬಹುಪಾಲು ಪ್ರಸಂಗಗಳಲ್ಲಿ ನಡೆದಿರುವುದು ಇದೇ.

ಇನ್ನು ಪ್ರಮಾಣ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬ ಲೆಕ್ಕ ಇಲ್ಲಿ ಉಲ್ಟಾ. ಒಂದು ಚದರ ಸೆಂ.ಮೀ. ಜಾಗಕ್ಕೆ 5 ಮೈಕ್ರೊಲೀಟರ್ ಹರಡಿದರೆ ಪದರ 50 ಮೈಕ್ರಾನ್ ದಪ್ಪ ಬರುತ್ತದೆ. ಅಷ್ಟು ಒಳ್ಳೆಯದು. 10 ಮೈಕ್ರೊಲೀಟರ್ ದಾಟಿದರೆ, ಅಂದರೆ 100 ಮೈಕ್ರಾನ್ ಮೇಲೆ, ಎರಡು ಮೇಲ್ಮೈಗಳ ಹತ್ತಿರ ಗಟ್ಟಿಯಾಗಿ ನಡುವೆ ಹಸಿಯಾಗೇ ಉಳಿಯುತ್ತದೆ. ಮೇಲೆ ಒತ್ತಿದಾಗ ಆ ಹಸಿ ಅಂಟು ಅಂಚಿನಿಂದ ಉಕ್ಕಿ ಅಂಗಾಂಶದ ಪಕ್ಕೆಗೆ ಏರುತ್ತದೆ. ವೈಬ್ರಟೋಮ್‌ನ, ಅಂದರೆ ಕಂಪಿಸುವ ಬ್ಲೇಡಿನಿಂದ ತೆಳು ಸ್ಲೈಸ್ ಕತ್ತರಿಸುವ ಯಂತ್ರದ, ಬ್ಲೇಡ್ ಅಲ್ಲಿಗೆ ಬಂದಾಗ ಗಕ್ಕನೆ ನಿಲ್ಲುತ್ತದೆ. ಅಂತರ ತುಂಬಬೇಕಿದ್ದರೆ ಜೆಲ್ ರೂಪದ್ದನ್ನು ತೆಗೆದುಕೊಳ್ಳಿ. ಅಡುಗೆ ಸೋಡಾ ಉದುರಿಸಿ ಕ್ಷಣದಲ್ಲಿ ಗಟ್ಟಿ ಮಾಡುವ ಉಪಾಯ ಪ್ಲಾಸ್ಟಿಕ್ ರಿಪೇರಿಗೆ ಸರಿ, ಜೀವಂತ ಅಂಗಾಂಶದ ಹತ್ತಿರ ಬೇಡ. ಏಳುವ ಬಿಸಿ ಸುಡುತ್ತದೆ.

ಮಿದುಳಿನ ತುಂಡನ್ನು ವೈಬ್ರಟೋಮ್‌ನ ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿಸುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ಉಳಿದ ಅಂಗಾಂಶಗಳಿಗೂ ಕೈಚಳಕ ಇದೇ. ಬಿಲ್ಲೆ ಒಣಗಿ, ಕೋಣೆಯ ತಾಪಕ್ಕೆ ಬಂದಿರಲಿ; ಐಸ್ ಮೇಲಿಂದ ತೆಗೆದ ಬಿಲ್ಲೆಗೆ ಗಾಳಿಯ ತೇವ ಹನಿಗಟ್ಟುತ್ತದೆ. ಅಂಟುವ ಮುಖವನ್ನು ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಸಪಾಟಾಗಿ ಕತ್ತರಿಸಿ. ತುಂಡನ್ನು ಚಮಚದಂಥ ಸ್ಪಾಟುಲದಲ್ಲಿ ಎತ್ತಿ, ವಾಟ್‌ಮನ್ 1 ಫಿಲ್ಟರ್ ಪೇಪರಿನ ಅಂಚನ್ನು ಬುಡಕ್ಕೆ ತಾಗಿಸಿ ನೀರು ಹೀರಿಸಿ. ಮುಖ ಒರೆಸುವ ಪೇಪರ್ ಬೇಡ, ಅದರ ನಾರು ಉಳಿದು ಅಂಟು ಅಲ್ಲೇ ಗಂಟಾಗುತ್ತದೆ. ಕತ್ತರಿಸಿದ ಮುಖವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ: ನೀರಿನ ಕನ್ನಡಿ ಹೊಳಪು ಹೋಗಿ ಮಾಸಲು ತೇವ ಉಳಿದ ಗಳಿಗೆಯೇ ಸರಿಯಾದ ಗಳಿಗೆ. ಇನ್ನೂ ಒಣಗಿಸಿದರೆ ಮೇಲ್ಪದರದ ಕೋಶಗಳು ಸಾಯುತ್ತವೆ. ಆಗಷ್ಟೇ ಬಿಲ್ಲೆಗೆ ಅಂಟು ಹಾಕಿ, ಪಿಪೆಟ್ ತುದಿಯ ಬದಿಯಿಂದ ತುಂಡಿನ ಅಳತೆಗಿಂತ ಸ್ವಲ್ಪವೇ ಅಗಲವಾಗಿ ಹರಡಿ. ತುಂಡನ್ನು ಒಂದು ಅಂಚಿನಿಂದ ಇಳಿಸುತ್ತಾ ಮಲಗಿಸಿ, ಗಾಳಿ ಸಿಕ್ಕಿಕೊಳ್ಳದಂತೆ. ಜಾರಿಸಬೇಡಿ, ಒತ್ತಬೇಡಿ, ತೂಕವೇ ಸಾಕು. ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು ತಣ್ಣನೆಯ ದ್ರಾವಣವನ್ನು ಬದಿಯಿಂದ ನಿಧಾನವಾಗಿ ತುಂಬಿ. ಆ ನೀರೇ ಅಂಚಿನಲ್ಲಿ ಉಳಿದ ಅಂಟನ್ನು ಗಟ್ಟಿ ಮಾಡಿಬಿಡುತ್ತದೆ. ಬುಡದ ಅರ್ಧ ಮಿ.ಮೀ. ಸ್ಲೈಸ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತುಂಡು ಎತ್ತರವಾಗಿದ್ದು ಬ್ಲೇಡಿಗೆ ವಾಲುತ್ತಿದ್ದರೆ ಅದರ ಬೆನ್ನಿಗೆ 4 ಶೇಕಡಾ ಅಗರೋಸ್ ಜೆಲ್‌ನ ಗಟ್ಟಿಯನ್ನು ಅಂಟಿಸಿ ಆಸರೆ ಕೊಡಿ.

ಅಂಗಾಂಶದ ಸ್ವಭಾವವನ್ನೂ ನೋಡಬೇಕು. ಕೊಬ್ಬಿನ ಮೇಲೆ ಇದು ಹಿಡಿಯುವುದಿಲ್ಲ, ಕೆರೆದು ತೆಗೆಯಿರಿ. ಕರುಳಿನ ಲೋಳೆಯನ್ನು ತೊಳೆದುಹಾಕಿ. ಸುಕ್ರೋಸ್‌ನಲ್ಲಿ ನೆನೆದ ತುಂಡನ್ನು ಮೊದಲು ಬಫರ್‌ನಲ್ಲಿ ಅಲುಗಿಸಿ ತೊಳೆದು ಆಮೇಲೆ ಹೀರಿಸಿ. ಸ್ನಾಯುವಿನ ಹೊರಪೊರೆಗೆ ಅಂಟಿಸಿದರೆ ಅಂಟು ಪೊರೆಗೆ ಹಿಡಿಯುತ್ತದೆ, ಪೊರೆ ಸ್ನಾಯುವಿನಿಂದ ಸುಲಿದುಬರುತ್ತದೆ. ಪೊರೆ ಬಿಡಿಸಿ ಅಂಟಿಸುವುದೇ ಮೇಲು.

ಪಾರದರ್ಶಕ ಕಿಟಕಿಯ ಹತ್ತಿರ ಕೆಲಸ ಇದ್ದರೆ ಇನ್ನೊಂದು ಕಿರಿಕಿರಿ: ಅಂಟಿನ ಆವಿ ಸುತ್ತಲ ಪ್ಲಾಸ್ಟಿಕ್ ಮೇಲೆ ಬೂದಿಯಂತೆ ಕೂರುತ್ತದೆ. ಕಡಿಮೆ ಹಾಕುವುದು, ಸಣ್ಣ ಫ್ಯಾನ್‌ನಿಂದ ಗಾಳಿ ಆಡಿಸುವುದು ಮೊದಲ ಉಪಾಯ. ಸಾಲದಿದ್ದರೆ ಲಾಕ್‌ಟೈಟ್ 403, 460ರಂಥ ಕಡಿಮೆ ವಾಸನೆಯ ಆಲ್ಕಾಕ್ಸಿಈಥೈಲ್ ಬಗೆ. ಒತ್ತಡ ಉಳಿದ ಪಾಲಿಕಾರ್ಬೊನೇಟ್, ಆಕ್ರಿಲಿಕ್ ಮೇಲೆ ಹಸಿ ಅಂಟು ಹೆಚ್ಚು ಹೊತ್ತು ನಿಂತರೆ ಬಿರುಕು ಬಿಡುತ್ತದೆ. ಆಟೋಕ್ಲೇವ್‌ಗೆ ಈ ಜೋಡಣೆ ತಾಳುವುದಿಲ್ಲ.

ಬಾಟಲಿಯನ್ನು ಫ್ರಿಜ್‌ನಲ್ಲಿಡಿ, ಸಿಲಿಕಾ ಜೆಲ್ ಇರುವ ಡಬ್ಬಿಯೊಳಗೆ. ಕೋಣೆಯ ತಾಪಕ್ಕೆ ಬರುವ ತನಕ ಮುಚ್ಚಳ ತೆಗೆಯಬೇಡಿ. ಮಂಗಳೂರಿನ ಮಳೆಗಾಲದಂಥ ತೇವದಲ್ಲಿ ತಣ್ಣನೆಯ ಬಾಟಲಿ ತೆರೆದರೆ ಒಳಗೇ ಹನಿಗಟ್ಟಿ ವಾರದೊಳಗೆ ಜೇನಿನಂತೆ ಮಂದವಾಗುತ್ತದೆ. ಹತ್ತಿಯ ಕೈಗವಸು, ಹತ್ತಿ ಉಂಡೆ ಹತ್ತಿರ ಇರಬಾರದು: ಹತ್ತಿಯ ಮೇಲೆ ಈ ಅಂಟು ಚೆಲ್ಲಿದರೆ ಕೈಸುಡುವಷ್ಟು, ಹೊಗೆ ಏಳುವಷ್ಟು ಬಿಸಿಯಾಗುತ್ತದೆ. ಕನ್ನಡಕ ಕಡ್ಡಾಯ.

ಕೋಶಗಳು ಬದುಕಬೇಕಾದರೆ

ಇಲ್ಲಿ ಗಟ್ಟಿತನದ ಆಸೆ ಬಿಡಬೇಕು. ತೆಳು ಸ್ಲೈಸ್, ರೆಟಿನಾ, ಬಿಡಿ ಕೋಶಗಳಿಗೆ ಸೆಲ್‌ಟ್ಯಾಕ್ ಚೆನ್ನ. ಇದು ಮಸ್ಸೆಲ್ ಎಂಬ ಕಡಲ ಚಿಪ್ಪುಜೀವಿಯಿಂದ ತೆಗೆದ ಪ್ರೋಟೀನ್, 5 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಬರುತ್ತದೆ. ಆಮ್ಲ ಇರುವವರೆಗೆ ಅಂಟುವುದಿಲ್ಲ. 10 ಮೈಕ್ರೊಲೀಟರ್ ಸೆಲ್‌ಟ್ಯಾಕ್‌ಗೆ 0.1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ (ಪಿಎಚ್ 8) 285 ಮೈಕ್ರೊಲೀಟರ್, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 5 ಮೈಕ್ರೊಲೀಟರ್ ಬೆರೆಸಿ, ತಕ್ಷಣ ಡಿಶ್‌ಗೆ ಸುರಿಯಿರಿ. ತಡಮಾಡಿದರೆ ಅದು ಟ್ಯೂಬಿನ ಗೋಡೆಗೇ ಅಂಟಿ ಮುಗಿದಿರುತ್ತದೆ. ಚದರ ಸೆಂ.ಮೀ.ಗೆ 3.5 ಮೈಕ್ರೊಗ್ರಾಂ ಲೆಕ್ಕದಲ್ಲಿ 35 ಮಿ.ಮೀ. ಡಿಶ್‌ಗೆ, ಅಂದರೆ ಸುಮಾರು 9.6 ಚದರ ಸೆಂ.ಮೀ.ಗೆ, 34 ಮೈಕ್ರೊಗ್ರಾಂ ಬೇಕು. ತಳವಿಡೀ ಲೇಪಿಸಬೇಕಿಲ್ಲ, ಸ್ಲೈಸ್ ಕೂರುವ ಬೊಟ್ಟಿನಷ್ಟು ಜಾಗ ಸಾಕು, ಸಾಮಗ್ರಿ ದುಬಾರಿ. 20 ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಿರಿ. ಸೀರಮ್ ಇರುವ ಮೀಡಿಯಂನಲ್ಲಿ ಸ್ಲೈಸ್ ತಂದು ಇಳಿಸಿದರೆ ಸೀರಮ್ ಪ್ರೋಟೀನ್‌ಗಳೇ ಮೊದಲು ಜಾಗ ಹಿಡಿಯುತ್ತವೆ. ಅಂಟುವ ತನಕ ಸೀರಮ್ ಇಲ್ಲದ ದ್ರಾವಣ ಬಳಸಿ.

ಪಾಲಿಲೈಸೀನ್ ಅಗ್ಗ: ಮಿ.ಲೀ.ಗೆ 0.1 ಮಿ.ಗ್ರಾಂ, ಒಂದು ಗಂಟೆ, ಆಮೇಲೆ ಮೂರು ಸಲ ತೊಳೆತ. ತೊಳೆತ ಕಡಿಮೆಯಾದರೆ ಉಳಿದ ಪಾಲಿಲೈಸೀನ್ ಕೋಶಗಳನ್ನು ಕೊಲ್ಲುತ್ತದೆ. ದಿನಗಟ್ಟಲೆ ಕಲ್ಚರ್ ಇದ್ದರೆ ಎಲ್ ಬಗೆಯ ಬದಲು ಡಿ ಬಗೆ ಹಾಕಿ, ಕೋಶಗಳ ಕಿಣ್ವ ಅದನ್ನು ಕತ್ತರಿಸಲಾರದು. ಇದು ಬರೀ ವಿದ್ಯುದಾವೇಶದ ಹಿಡಿತ, ಮಿ.ಮೀ. ದಪ್ಪದ ತುಂಡನ್ನು ಇದರ ಮೇಲೆ ನಂಬಿ ಕೂರಿಸಬೇಡಿ.

ದಪ್ಪ ತುಂಡಿಗೆ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಜೆಲ್. ಫೈಬ್ರಿನೋಜೆನ್ ಮಿ.ಲೀ.ಗೆ 10 ಮಿ.ಗ್ರಾಂ, ಥ್ರಾಂಬಿನ್ 1ರಿಂದ 2 ಯೂನಿಟ್, ಜೊತೆಗೆ ಕ್ಯಾಲ್ಸಿಯಂ. ಫೈಬ್ರಿನೋಜೆನ್ ಪುಡಿಯನ್ನು 37 ಡಿಗ್ರಿಯಲ್ಲಿ ಬಫರ್ ಮೇಲೆ ಉದುರಿಸಿ ಅದರ ಪಾಡಿಗೆ ಬಿಡಿ. ಅಲುಗಾಡಿಸಿದರೆ ನೊರೆ, ಗಂಟು. ಅಂಗಾಂಶ ಇಡಿಟಿಎ ಅಥವಾ ಸಿಟ್ರೇಟ್‌ನಲ್ಲಿ ಇದ್ದದ್ದಾದರೆ ತೊಳೆಯಿರಿ, ಇಲ್ಲದಿದ್ದರೆ ಕ್ಯಾಲ್ಸಿಯಂ ಅಲ್ಲೇ ಸಿಕ್ಕಿ ಜೆಲ್ ಸಡಿಲವಾಗುತ್ತದೆ. ಎರಡು ಮೂರು ದಿನದಲ್ಲಿ ಜೆಲ್ ಕರಗಿ ತುಂಡು ತೇಲಿದರೆ ಅಂಗಾಂಶದ ಪ್ಲಾಸ್ಮಿನ್ ಎಂಬ ಕಿಣ್ವ ಕಾರಣ, ಅದನ್ನು ತಡೆಯಲು ಮಿ.ಲೀ.ಗೆ 1ರಿಂದ 2 ಮಿ.ಗ್ರಾಂ ಅಮೈನೋಕಪ್ರೋಯಿಕ್ ಆಮ್ಲ ಮೀಡಿಯಂಗೆ ಸೇರಿಸಿ. ಫೈಬ್ರಿನ್ ನುಣ್ಣನೆ ಪ್ಲಾಸ್ಟಿಕ್ ಮೇಲಿಂದ ಹಾಳೆಯಾಗಿ ಏಳುತ್ತದೆ. ಉಜ್ಜಿದ ಮೇಲ್ಮೈ ಅಥವಾ ಪಾಲಿಡೋಪಮೈನ್ ಲೇಪ ಅದಕ್ಕೆ ಬೇಕೇ ಬೇಕು.

ಎಳೆತದ ಪರೀಕ್ಷೆಗಳು, ರಕ್ತನಾಳ, ಚರ್ಮ

ಆಲ್ಬುಮಿನ್–ಗ್ಲುಟರಾಲ್ಡಿಹೈಡ್ ಅಂಟು ಒದ್ದೆಯಲ್ಲೂ ಹಿಡಿಯುತ್ತದೆ. ಶಸ್ತ್ರಚಿಕಿತ್ಸೆಯ ಅಂಟು ಬಯೋಗ್ಲೂನ ಸೂತ್ರವೇ ಇದು: 45 ಶೇಕಡಾ ಗೋವಿನ ಸೀರಮ್ ಆಲ್ಬುಮಿನ್ ನಾಲ್ಕು ಪಾಲು, 10 ಶೇಕಡಾ ಗ್ಲುಟರಾಲ್ಡಿಹೈಡ್ ಒಂದು ಪಾಲು. ಅರ್ಧ ನಿಮಿಷದೊಳಗೆ ಕಟ್ಟುತ್ತದೆ, ಎರಡು ನಿಮಿಷಕ್ಕೆ ಪೂರ್ತಿ ಬಲ. ಆಲ್ಬುಮಿನ್ ಅಷ್ಟು ದಟ್ಟವಾಗಿ ಕರಗಲು ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡಬೇಕು. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬಾರದು. ಅಂಗಾಂಶದ ಅಮೈನ್‌ಗಳಿಗೆ ಇದು ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತದೆ. ಬರಿಯ ಪ್ಲಾಸ್ಟಿಕ್‌ನಲ್ಲಿ ಅಮೈನ್ ಇಲ್ಲದ್ದರಿಂದ ಅಲ್ಲಿ ಹಿಡಿತ ಸಿಗುವುದು ಗೀರು, ರಂಧ್ರಗಳಲ್ಲಿ ಮಾತ್ರ. ಹತ್ತಿರದ ಕೋಶಗಳು ಫಿಕ್ಸ್ ಆಗಿಹೋಗುತ್ತವೆ.

ಯಾವ ಅಂಟಾದರೂ ಎಳೆತ ಮೇಲ್ಮೈಗೆ ಸಮಾನಾಂತರವಾಗಿ ಬೀಳುವಂತೆ ಇಡಿ. ಅಂಚಿನಿಂದ ಸುಲಿಯುವಂಥ ಎಳೆತಕ್ಕೆ ಪೆಡಸು ಅಂಟು ಕ್ಷಣವೂ ನಿಲ್ಲದು. ಅಂಗಾಂಶವೇ ಹರಿಯುತ್ತಿದ್ದರೆ ಅಂಟಿದ ವಿಸ್ತೀರ್ಣ ಎರಡು ಪಟ್ಟು ಮಾಡಿ, ಆಕ್ಟೈಲ್‌ನಂಥ ಬಾಗುವ ಅಂಟಿಗೆ ಬದಲಾಯಿಸಿ.

ಎಪಾಕ್ಸಿ ಕೇಳುವವರಿದ್ದಾರೆ. ಅರಾಲ್ಡೈಟ್ ಒಣ ಮೂಳೆ, ಹಲ್ಲು, ಕೊಂಬಿಗೆ ಸರಿ, ಹಸಿ ಅಂಗಾಂಶಕ್ಕಲ್ಲ. ಸಿಲಿಕೋನ್ ಸೀಲಂಟ್ ಕೂಡ ಒದ್ದೆ ಅಂಗಾಂಶಕ್ಕೆ ಅಂಟುವುದಿಲ್ಲ, ಸುತ್ತ ಮುಚ್ಚಿಕೊಳ್ಳುತ್ತದೆ ಅಷ್ಟೇ. ಅರ್ಧ ದಿನದ ಡಿಸೆಕ್ಷನ್‌ಗಾದರೆ ಅಂಟೇ ಏಕೆ ಬೇಕು? ಸಿಲ್ಗಾರ್ಡ್ 184 ಎಂಬ ಎರಡು ಭಾಗದ ಸಿಲಿಕೋನ್ ರಬ್ಬರನ್ನು 10:1 ಬೆರೆಸಿ ಡಿಶ್ ತಳಕ್ಕೆ ಸುರಿದು, 48 ಗಂಟೆ ಗಟ್ಟಿಯಾಗಲು ಬಿಟ್ಟು, 0.1 ಮಿ.ಮೀ. ಕೀಟಪಿನ್ನುಗಳಿಂದ ಹಿಗ್ಗಿಸಿ ಚುಚ್ಚಿದರೆ ಮುಗಿಯಿತು.

ಅಳೆದು ನೋಡುವುದು

ಬೆಲೆಬಾಳುವ ಮಾದರಿ ಹಾಳುಮಾಡುವ ಮೊದಲು ಮಾಂಸದಂಗಡಿಯ ಹಂದಿ ಚರ್ಮದ ಮೇಲೆ ಪರೀಕ್ಷಿಸಿ. ಎಎಸ್‌ಟಿಎಂ ಎಫ್ 2255 ಎಂಬ ಮಾನದಂಡದ ಕ್ರಮ ಹೀಗೆ: 2.5 ಸೆಂ.ಮೀ. ಅಗಲದ ಎರಡು ಪಟ್ಟಿಗಳನ್ನು 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ, 37 ಡಿಗ್ರಿ ಫಾಸ್ಫೇಟ್ ಬಫರ್‌ನಲ್ಲಿಟ್ಟು, ನಿಮಿಷಕ್ಕೆ 5 ಮಿ.ಮೀ. ವೇಗದಲ್ಲಿ ಎಳೆಯುವುದು. ನಿಮಗೆ ಒಂದು ಪಟ್ಟಿ ನಿಮ್ಮದೇ ಪ್ಲಾಸ್ಟಿಕ್ ಆಗಿರಲಿ. ಯಂತ್ರ ಇಲ್ಲದಿದ್ದರೆ ಕೆಳಗೆ ಖಾಲಿ ಬಾಟಲಿ ತೂಗುಹಾಕಿ ನೀರು ತುಂಬುತ್ತಾ ಹೋಗಿ. ಒಂದು ಲೀಟರಿಗೆ ಬಿಟ್ಟುಬಂದರೆ ಸುಮಾರು 10 ನ್ಯೂಟನ್, 2.5 ಚದರ ಸೆಂ.ಮೀ.ಗೆ 40 ಕಿಲೋಪಾಸ್ಕಲ್. ಪ್ರತಿ ಬಗೆಗೆ ಕನಿಷ್ಠ ಐದು ಮಾದರಿ ಮಾಡಿ, ಅಂಕಿಯ ಪಕ್ಕದಲ್ಲೇ ಬಿಟ್ಟುಬಂದ ಮುಖ ಯಾವುದೆಂದೂ ಬರೆದಿಡಿ. ಒಂದು ಗಂಟೆಗೆ ಗಟ್ಟಿ ಕಂಡದ್ದು ಮರುದಿನ ನೀರಿನಲ್ಲಿ ಮೆತ್ತಗಾಗುವುದು ಸಾಮಾನ್ಯ. ನಿಮ್ಮ ಪ್ರಯೋಗ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ನೆನೆಸಿದ ಮೇಲೆಯೇ ಎಳೆಯಿರಿ.

ಅಂಟಿದ ಪ್ಲಾಸ್ಟಿಕ್ ಬಿಲ್ಲೆ ಮತ್ತೆ ಬೇಕಾದರೆ ಅಸಿಟೋನ್ ಸುರಿಯದೆ ಬೆಚ್ಚನೆಯ ಸೋಪು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒಂದೇ ಬಾಯಿಯ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಿರಿ. ಲೋಹದ ಬಿಲ್ಲೆಯಾದರೆ ಮಾತ್ರ ಅಸಿಟೋನ್.